ಏಪ್ರಿಲ್ ಬಿಸಿಲಿಗೆ ವೀಣೆ ವಿದುಷಿ ಬರುತ್ತಿದ್ದಾರೆ, ಮೈಸೂರಿನವರು ಸ್ವಲ್ಪ ಸಲಹೆ ಕೊಡಿ

ಪೆಂಡಾಲ್ ಪದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ರಾಮನವಮಿಗೆ ಪಾನಕ, ಕೋಸಂಬರಿ ಹಂಚಿ, ಸಂಜೆ ಮಕ್ಕಳಿಂದ ನಾಲ್ಕು ದೇವರನಾಮ ಹಾಡಿಸಿ ಮುಗಿಸುತ್ತಿದ್ದೆವು. ಈ ಸಲ ಸಮಿತಿಯವರಿಗೆ ಹುಮ್ಮಸ್ಸು ಜಾಸ್ತಿಯಾಗಿದೆ. ಹೊರಗಿನಿಂದ ಒಬ್ಬ ವೀಣೆ ವಿದುಷಿಯನ್ನು ಕರೆಸುತ್ತಿದ್ದೇವೆ. ಚೆನ್ನೈನಲ್ಲಿ ಇರುವವರು, ಒಂದು ಸುತ್ತು ಕಚೇರಿಗೆಂದು ಹೊರಟಿದ್ದಾರೆ. ಅಲ್ಲಿ ಮುಗಿಸಿ ನಮ್ಮಲ್ಲಿಗೆ, ನಮ್ಮಲ್ಲಿ ಮುಗಿಸಿ ಬೆಂಗಳೂರಿಗೆ. ಮೃದಂಗ, ಘಟದವರು ಇಲ್ಲಿಯವರೇ. ವಿದುಷಿಯವರು ಉಳಿದುಕೊಳ್ಳುವುದು ನಮ್ಮ ಮನೆಯಲ್ಲಿ.

ಇಲ್ಲಿಯವರೆಗೆ ಸರಿ. ಈಗ ನನಗೆ ತಲೆಬಿಸಿ ಶುರುವಾಗಿದೆ. ಏಪ್ರಿಲ್ ಮಧ್ಯಾಹ್ನ ನಮ್ಮೂರಲ್ಲೂ 35 ಡಿಗ್ರಿ ದಾಟುತ್ತದೆ, ರಸ್ತೆಗಳೆಲ್ಲಾ ಅಗೆದಿದ್ದಾರೆ, ಹಬ್ಬದ ಜನ ಬೇರೆ. ಪೆಂಡಾಲ್ ಹಾಕುವುದು ಬಯಲಲ್ಲಿ. ಅವರನ್ನು ಸ್ಟೇಷನ್ನಿನಿಂದ ಕರೆತರುವುದು ಯಾವಾಗ, ಎಸಿ ರೂಮ್ ಬೇಕೇ, ಏನು ಊಟ, ಅರಮನೆ ತೋರಿಸಬೇಕೇ ಎಂದು ಮನೆಯಲ್ಲಿ ದಿನಾ ಚರ್ಚೆ. ನಮ್ಮ ಅಧ್ಯಕ್ಷರಂತೂ "ಚೆನ್ನೈನವರಿಗೆ ನಮ್ಮ ಬಿಸಿಲು ಯಾವ ಲೆಕ್ಕ, ಸುಮ್ನೆ ಇರಿ" ಎನ್ನುತ್ತಾರೆ. ಹೌದಾ? ಕಲಾವಿದರನ್ನು ಮನೆಯಲ್ಲಿ ಇಟ್ಟುಕೊಂಡು ರೂಢಿ ಇರುವವರು, ನುಡಿಸುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಎಡಬಲ:

ಪದ್ದು ಅವರೇ, ನಾನು ಮೃದಂಗ ನುಡಿಸುವವನು. ನಿಮ್ಮ ಅಧ್ಯಕ್ಷರ ಮಾತು ಅರ್ಧ ನಿಜ. ವಿದುಷಿಯವರಿಗೆ ನಮ್ಮ ಬಿಸಿಲು ಏನೂ ಅಲ್ಲ. ಆದರೆ ಅವರ ವೀಣೆಗೆ ಅಲ್ಲ.

ಚೆನ್ನೈ ಸಮುದ್ರದ ಪಕ್ಕದ ಊರು, ಗಾಳಿಯಲ್ಲೇ ನೀರಿರುತ್ತದೆ. ಮೈಸೂರು ಒಣ. ಅಲ್ಲಿಂದ ಇಲ್ಲಿಗೆ ಒಂದೇ ದಿನದಲ್ಲಿ ಬಂದಾಗ ಮರ ತನ್ನೊಳಗಿನ ತೇವ ಬಿಡುತ್ತದೆ, ತಂತಿ ಬಿಗಿಯುವ ಬಿರಡೆ ಜಾರುತ್ತದೆ, ತಂತಿ ನಿಲ್ಲುವುದಿಲ್ಲ. ಚರ್ಮದ ವಾದ್ಯಗಳದ್ದು ಇನ್ನೂ ಕಷ್ಟ. ನಮ್ಮ ಮೃದಂಗದ ಬಲಗಡೆ ಒಣಹವೆಗೆ ಬಿಗಿದುಕೊಂಡು ಶ್ರುತಿ ಮೇಲಕ್ಕೆ ಹೋಗುತ್ತದೆ. ಎಡಗಡೆಗೆ ಕಲಸಿ ಹಾಕಿದ ರವೆ ಫ್ಯಾನ್ ಗಾಳಿಗೆ ಬೇಗ ಒಣಗಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಪಲ್ಲವಿ ಮಧ್ಯೆ ನಾವು ನೀರು ಸವರುತ್ತಾ ಕೂತಿದ್ದರೆ ಜನ ಏನೋ ಶಾಸ್ತ್ರ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಇನ್ನು ವೀಣೆ. ಅದರ 24 ಮೆಟ್ಟಿಲುಗಳನ್ನು, ಅಂದರೆ ತಂತಿಯ ಕೆಳಗಿನ ಲೋಹದ ಪಟ್ಟಿಗಳನ್ನು, ಮೊಳೆ ಹೊಡೆದು ಕೂರಿಸಿರುವುದಿಲ್ಲ, ಮೇಣದ ಮೇಲೆ ಕೂರಿಸಿರುತ್ತಾರೆ. ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿ ಮಾಡಿದ ಮೇಣ. ಜೇನುಮೇಣ ಪೂರ್ತಿ ಕರಗುವುದು 62, 63 ಡಿಗ್ರಿಯ ಹತ್ತಿರ, ಆದರೆ ಮೆತ್ತಗಾಗಲು ಅಷ್ಟು ಬೇಡ. ಬಿಸಿಲಲ್ಲಿ ನಿಲ್ಲಿಸಿದ, ಗಾಜು ಏರಿಸಿದ ಕಾರಿನೊಳಗೆ ಸ್ವಲ್ಪ ಹೊತ್ತಿಗೇ 50 ಡಿಗ್ರಿ ಆಗಿಬಿಡುತ್ತದೆ. ಆ ಕಾವಿನಲ್ಲಿ ಬೆರಳು ಒತ್ತಿದರೆ ಸಾಕು, ಮೆಟ್ಟಿಲು ಕೂದಲೆಳೆಯಷ್ಟು ಸರಿಯುತ್ತದೆ. ಅಷ್ಟು ಸರಿದರೆ ಸ್ವರ ಸ್ಥಾನ ಕೆಟ್ಟಿತು. ಮತ್ತೆ ಮೇಳ ಕಟ್ಟುವವರನ್ನು, ಅಂದರೆ ಮೆಟ್ಟಿಲು ಕೂರಿಸುವವರನ್ನು, ಹುಡುಕಬೇಕು, ಅದು ಅರ್ಧ ಗಂಟೆಯ ಕೆಲಸವಲ್ಲ, ಕಿವಿ ಇರುವವರು ಕೂತು ಒಂದೊಂದೇ ಮೆಟ್ಟಿಲು ನೋಡಿ ಮಾಡಬೇಕು. ಮೈಸೂರಿನಲ್ಲಿ ಆ ಕೆಲಸ ಬಲ್ಲವರು ಇದ್ದಾರೆ, ಒಬ್ಬರ ನಂಬರ್ ಮೊದಲೇ ಇಟ್ಟುಕೊಂಡಿರಿ. ಬೇಕಾಗದಿದ್ದರೆ ಒಳ್ಳೆಯದೇ.

ರೂಮಿನ ವಿಷಯ. ಎಸಿ ಇದ್ದರೆ ಹಾಕಿ, ಅವರು ಮಲಗಲಿ. ವೀಣೆಯನ್ನು ಮಾತ್ರ ಎಸಿ ಗಾಳಿ ನೇರ ಹೊಡೆಯುವ ಕಡೆ ಇಡಬೇಡಿ, ಪಶ್ಚಿಮದ ಗೋಡೆಗೂ ಒರಗಿಸಬೇಡಿ, ಆ ಗೋಡೆ ರಾತ್ರಿ ಒಂಬತ್ತರವರೆಗೂ ಕಾದಿರುತ್ತದೆ. ಬಾಗಿಲು ಹಿಂದೆ, ಓಡಾಟ ಇಲ್ಲದ ಮೂಲೆ, ನೆಲದ ಮೇಲೆ ಒಂದು ಜಮಖಾನ. ಮಕ್ಕಳಿದ್ದರೆ ಹೊರಗೇ ಮಾತಾಡಿ ಕಳಿಸಿ.

ಇನ್ನೊಂದು ಮಾತು. ಅವರು ಯಾವ ಶ್ರುತಿಗೆ ಕೂಡಿಸುತ್ತಾರೆ ಎಂದು ಇವತ್ತೇ ಕೇಳಿ, ನಿಮ್ಮ ಮೃದಂಗ, ಘಟದವರಿಗೆ ತಿಳಿಸಿ. ವೀಣೆಯ ಶ್ರುತಿ ಎಷ್ಟೋ ಹಾಡುಗಾರರಿಗಿಂತ ತಗ್ಗು. ಘಟವನ್ನಂತೂ ಬಿಗಿ ಮಾಡಿ, ಸಡಿಲ ಮಾಡಿ ಶ್ರುತಿಗೆ ತರಲಾಗುವುದಿಲ್ಲ, ಆ ಶ್ರುತಿಯ ಮಡಕೆಯನ್ನೇ ತರಬೇಕು. ವೇದಿಕೆ ಮೇಲೆ ಕೂತ ಮೇಲೆ ಇದು ಗೊತ್ತಾದರೆ ಯಾರಿಗೂ ಸುಖವಿಲ್ಲ.

ಸಕ್ಕರೆ ಸೀಮೆ:

ಮೈಸೂರಿನವರು 35 ಡಿಗ್ರಿಗೆ ಅಳುತ್ತಿದ್ದೀರಾ, ಒಂದು ದಿನ ಮಂಡ್ಯಕ್ಕೆ ಬಂದು ಮಧ್ಯಾಹ್ನ ಎರಡು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿ ಅಣ್ಣ, ಆಮೇಲೆ ಮಾತಾಡೋಣ.

ತಮಾಷೆ ಬಿಡಿ. ನೀವು ಬರುವುದರ ಬಗ್ಗೆ ಮಾತ್ರ ಯೋಚಿಸಿದ್ದೀರಿ, ಹೋಗುವುದರ ಬಗ್ಗೆ ಇಲ್ಲ. ಬರುವುದಕ್ಕೆ ರಾತ್ರಿ ರೈಲು ಮಾಡಿಸಿ. ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಚೆನ್ನೈ ಬಿಟ್ಟು ಬೆಳಗ್ಗೆ ಮೈಸೂರಿಗೆ ಬರುತ್ತದೆ, ತಂಪು ಹೊತ್ತಲ್ಲಿ ಇಳಿದು ಮನೆ ಸೇರಬಹುದು. ವಂದೇ ಭಾರತ್ ಬೇಗ ಬರುತ್ತದೆ, ಚೆನ್ನಾಗಿದೆ, ಆದರೆ ಅದು ಬೆಳಗ್ಗೆ ಹೊರಟು ಇಲ್ಲಿಗೆ ತಲುಪುವುದು ಹನ್ನೆರಡು ದಾಟಿದ ಮೇಲೆ. ಆ ಎಸಿ ಡಬ್ಬಿಯಿಂದ ಸೀದಾ ಸುಡು ಪ್ಲಾಟ್‌ಫಾರ್ಮಿಗೆ ವೀಣೆ ಇಳಿಸಬೇಕು. ಮೇಲೆ ಎಡಬಲ ಅವರು ಹೇಳಿದ್ದು ಓದಿದ ಮೇಲೆ ನನಗಂತೂ ಅದು ಬೇಡ ಅನಿಸುತ್ತದೆ. ರಾತ್ರಿ ರೈಲಿನಲ್ಲಿ ವೀಣೆಗೆ ಜಾಗ ಬೇಕು, ಅವರಿಗೆ ಕೆಳಗಿನ ಬರ್ತ್ ಸಿಗುವ ಹಾಗೆ ಈಗಲೇ ಬುಕ್ ಮಾಡಿಸಿ.

ಬೆಂಗಳೂರಿಗೆ ಕಾರಿನಲ್ಲಿ ಕಳಿಸುತ್ತೀರಿ ಅಂದುಕೊಳ್ಳುತ್ತೇನೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ದಾರಿ ಬೇಗ ಸಾಗುತ್ತದೆ, ಆದರೆ ಅದು ಊರುಗಳನ್ನೆಲ್ಲ ಬಿಟ್ಟು ಪಕ್ಕದಲ್ಲೇ ಹೋಗುತ್ತದೆ. ಮೊದಲಿನ ಹಾಗೆ ಎಲ್ಲಿ ಬೇಕಾದರಲ್ಲಿ ಮರದ ಕೆಳಗೆ ನಿಲ್ಲಿಸಿ ಎಳನೀರು ಕುಡಿಯುವುದಕ್ಕೆ ಆಗುವುದಿಲ್ಲ. ಹಳೇ ರಸ್ತೆಯ ಮರಗಳೂ ಬಹಳ ಕಡೆ ಹೋದವು. ಆದ್ದರಿಂದ ಬೆಳಗ್ಗೆ ಆರಕ್ಕೆ ಹೊರಡಿಸಿ, ನೀರು ಕಾರಿನಲ್ಲೇ ಇರಲಿ. ವೀಣೆ ಡಿಕ್ಕಿಯಲ್ಲಿ ಬೇಡವೇ ಬೇಡ. ಕಾರಿನ ಒಳಗೆ ಎಸಿ ಇರುತ್ತದೆ, ಡಿಕ್ಕಿಗೆ ಇರುವುದಿಲ್ಲ. ಹಿಂದಿನ ಸೀಟಿನ ಮೇಲೆ ಅಡ್ಡ ಮಲಗಿಸಿ, ದಿಂಬು ಕೊಟ್ಟು, ಮೇಲೊಂದು ಬಿಳಿ ಪಂಚೆ ಹೊದಿಸಿ. ವಿದುಷಿಯವರು ಮುಂದೆ ಕೂರಲಿ. ಅವರ ಜೊತೆ ಇನ್ನೊಬ್ಬರಿದ್ದರೆ ದೊಡ್ಡ ಕಾರು ಮಾಡಿ, ಒಬ್ಬರ ತೊಡೆ ಮೇಲೆ ವೀಣೆ ಇಟ್ಟು ಕಳಿಸಬೇಡಿ.

ಎಳನೀರು ಬೇಕಿದ್ದರೆ ಮದ್ದೂರಿನದು ತರಿಸಿ. ನಮ್ಮ ಕಡೆಯದು ಅಂತ ಹೇಳುತ್ತಿಲ್ಲ, ಅಲ್ಲಿಯ ಎಳನೀರು ಮಾರುಕಟ್ಟೆಯಿಂದ ದೇಶಕ್ಕೆಲ್ಲಾ ಲಾರಿ ಹೋಗುತ್ತದೆ. ಸರಿ, ನಮ್ಮ ಕಡೆಯದು ಅಂತಾನೇ ಹೇಳುತ್ತಿದ್ದೇನೆ.

ಪೆಂಡಾಲ್ ಪದ್ದು:

ಇಬ್ಬರಿಗೂ ಬಹಳ ಧನ್ಯವಾದ. ಮೇಣದ ವಿಷಯ ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರೈಲು ರಾತ್ರಿಯದೇ ಮಾಡಿಸುತ್ತೇವೆ.

ಈಗ ಇನ್ನೆರಡು ತಲೆನೋವು. ಒಂದು, ಪೆಂಡಾಲಿಗೆ ಮೇಲೆ ತಗಡು ಹಾಕಿಸೋಣ, ಮಳೆ ಬಂದರೂ ಆಗುತ್ತದೆ ಎಂದು ಒಬ್ಬರು ಹಟ ಹಿಡಿದಿದ್ದಾರೆ. ಎರಡು, ಕಾರ್ಯಕ್ರಮದ ದಿನವೇ ಬೆಳಗ್ಗೆ ಚಾಮುಂಡಿ ಬೆಟ್ಟ, ಮೃಗಾಲಯ, ಮಧ್ಯಾಹ್ನ ಅರಮನೆ, ಹಾಗೇ ದೇವರಾಜ ಮಾರ್ಕೆಟ್ ಎಂದು ಅಧ್ಯಕ್ಷರ ಮಗ ಪಟ್ಟಿ ಮಾಡಿಟ್ಟಿದ್ದಾನೆ. ಬೇಡ ಎಂದು ಹೇಗೆ ಹೇಳುವುದು?

ಮೈಕ್‌ಸೆಟ್ ಮಾಮ:

ತಗಡಿಗೆ ಬೇಡ ಅನ್ನಿ. ನಾನು ಸೌಂಡ್ ಮಾಡುವವನು, ಬೇಸಿಗೆ ಪೂರ್ತಿ ಪೆಂಡಾಲಿನ ಕೆಳಗೇ ಇರುತ್ತೇನೆ. ಮಧ್ಯಾಹ್ನವೆಲ್ಲಾ ಕಾದ ತಗಡು ಸಂಜೆ ಆರಕ್ಕೂ ತಲೆ ಮೇಲೆ ಕಾವಲಿ ಇಟ್ಟ ಹಾಗಿರುತ್ತದೆ. ಮಳೆ ಬಂದರೆ ಇನ್ನೂ ಕಷ್ಟ, ತಗಡಿನ ಮೇಲೆ ಹನಿ ಬಿದ್ದರೆ ವೀಣೆ ಹಾಗಿರಲಿ, ನಾದಸ್ವರವೂ ಕೇಳುವುದಿಲ್ಲ. ಬಟ್ಟೆ ಶಾಮಿಯಾನ ಎತ್ತರಕ್ಕೆ ಕಟ್ಟಿಸಿ, ಸುತ್ತ ಪರದೆ ಪೂರ್ತಿ ಇಳಿಸಬೇಡಿ, ಗಾಳಿ ಆಡಲಿ. ವೇದಿಕೆಯ ಮೇಲೆ ಮಾತ್ರ ಟಾರ್ಪಾಲು ಹಾಕಿಸಿ.

ವೇದಿಕೆ ಯಾವ ದಿಕ್ಕಿಗಿದೆ ನೋಡಿ. ಏಪ್ರಿಲಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರೂವರೆ ಹೊತ್ತಿಗೆ. ಪಶ್ಚಿಮಕ್ಕೆ ಮುಖ ಮಾಡಿ ಆರಕ್ಕೆ ಕೂರಿಸಿದರೆ ಅರ್ಧ ಗಂಟೆ ಕಲಾವಿದರ ಕಣ್ಣಿಗೆ, ವೀಣೆಗೆ ನೇರ ಬಿಸಿಲು. ದಿಕ್ಕು ಬದಲಿಸಲಾಗದಿದ್ದರೆ ಕಚೇರಿ ಆರೂಮುಕ್ಕಾಲಿಗೆ ಶುರು ಮಾಡಿ. ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಬೇಕು, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಾಗಾಗಿ ಶುರುವಿನ ಭಾಷಣಗಳನ್ನು ಕತ್ತರಿಸಿ. ಸನ್ಮಾನಕ್ಕೆ ಕಾಲು ಗಂಟೆ ಅಂತ ಪತ್ರಿಕೆಯಲ್ಲಿ ಬರೆದಿರುತ್ತಾರೆ, ಮುಕ್ಕಾಲು ಗಂಟೆ ಹಾಕುತ್ತಾರೆ, ಅಷ್ಟು ಹೊತ್ತೂ ಕೂಡಿಸಿದ ಶ್ರುತಿ ಇಳಿಯುತ್ತಾ ಕೂತಿರುತ್ತದೆ. ಸನ್ಮಾನ ಕಚೇರಿ ಮುಗಿದ ಮೇಲೆ ಮಾಡಿ. ಜನ ಎದ್ದು ಹೋಗುತ್ತಾರೆ ಅನ್ನುವ ಭಯ ಇದ್ದರೆ, ಹೋಗಲಿ ಬಿಡಿ, ಅವರು ಬಂದಿದ್ದು ವೀಣೆ ಕೇಳಲು.

ಲೈಟು. ಹಳೇ ಹ್ಯಾಲೋಜನ್ ಫೋಕಸ್ ಲೈಟುಗಳನ್ನು ಕಲಾವಿದರ ಮುಂದೆ ಎರಡು ಮಾರು ದೂರದಲ್ಲಿ ನಿಲ್ಲಿಸುವವರು ಈಗಲೂ ಇದ್ದಾರೆ. ಬಿಸಿಲಿನಿಂದ ಕಾಪಾಡಿ ತಂದ ವೀಣೆಯನ್ನು ಅಲ್ಲಿ ಬೇಯಿಸಿಬಿಡುತ್ತಾರೆ. ಎಲ್‌ಇಡಿ ಕೇಳಿ, ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಸರಿ.

ಫ್ಯಾನ್ ಬೇಕೇ ಬೇಕು, ಆದರೆ ದೊಡ್ಡ ಪೆಡೆಸ್ಟಲ್ ಫ್ಯಾನನ್ನು ಹಿಂದಿನಿಂದ ಮೈಕಿಗೆ ಬಿಟ್ಟರೆ ಬರೀ ಬುಸ್ ಎನ್ನುವ ಸದ್ದು. ಪಕ್ಕದಿಂದ, ಕೆಳಗೆ, ನಿಧಾನದ ವೇಗದಲ್ಲಿ ಇಡಿ. ಮೃದಂಗದ ಕಡೆಗೆ ಬೇಡ, ಮೇಲೆ ಅವರು ರವೆ ಬಗ್ಗೆ ಹೇಳಿದ್ದಾರಲ್ಲ. ವೀಣೆಗೆ ಬಹುಶಃ ಅವರೇ ಪಿಕಪ್ (ವಾದ್ಯಕ್ಕೇ ಅಂಟಿಸುವ ಪುಟ್ಟ ಮೈಕ್) ತರುತ್ತಾರೆ. ಅದಕ್ಕೆ ಅರ್ತಿಂಗ್ ಸರಿಯಿರುವ ಲೈನ್ ಬೇಕು, ಇಲ್ಲದಿದ್ದರೆ ಗುಂಯ್ ಅನ್ನುವುದು ನಿಲ್ಲುವುದಿಲ್ಲ. ಕಂಬದಿಂದ ಕೊಕ್ಕೆ ಹಾಕಿ ಕರೆಂಟ್ ಎಳೆಯುವ ಪದ್ಧತಿ ಬಿಟ್ಟುಬಿಡಿ, ವಿದ್ಯುತ್ ಕಂಪನಿ ಸೆಸ್ಕ್‌ನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ. ಜನರೇಟರ್ ತರಿಸಿದರೆ ಪೆಂಡಾಲಿನಿಂದ ದೂರ, ಯಾವುದಾದರೂ ಗೋಡೆಯ ಆಚೆ. ಕೊನೆಯದಾಗಿ, ನಿಮ್ಮ ಸೌಂಡಿನವರಿಗೆ ಎಕೋ ಹಾಕಬೇಡಿ ಎಂದು ಕಾಲಿಗೆ ಬಿದ್ದಾದರೂ ಹೇಳಿ. ವೀಣೆಯಲ್ಲಿ ಇರುವುದೇ ಸ್ವರವನ್ನು ಜಾರಿಸಿ, ತೂಗಿ ನುಡಿಸುವ ಗಮಕ, ಎಕೋ ಹಾಕಿದರೆ ಒಂದರ ಮೇಲೊಂದು ಬಿದ್ದು ಗಂಜಿಯಾಗುತ್ತದೆ.

ಒಂಟಿಕೊಪ್ಪಲ್ ಒಗ್ಗರಣೆ:

ಅಧ್ಯಕ್ಷರ ಮಗನ ಪಟ್ಟಿ ಓದಿ ನನಗೇ ಸುಸ್ತಾಯಿತು. ಸಂಜೆ ಮೂರು ಗಂಟೆ ಹೊತ್ತು ನುಡಿಸುವವರನ್ನು ಬೆಳಗ್ಗೆಯಿಂದ ಬಿಸಿಲಲ್ಲಿ ಸುತ್ತಿಸುವುದು ಅತಿಥಿ ಸತ್ಕಾರ ಅಲ್ಲ, ಅದು ನಮ್ಮ ಊರಿನ ಚಪಲ. ನಾವು ಮೈಸೂರಿನವರಿಗೆ ಒಂದು ರೋಗ ಇದೆ, ಬಂದವರಿಗೆ ಅರಮನೆ ತೋರಿಸದಿದ್ದರೆ ಮರ್ಯಾದೆ ಹೋಯಿತು ಅಂದುಕೊಳ್ಳುತ್ತೇವೆ. ಅರಮನೆ ಒಳಗೆ ಚಪ್ಪಲಿ ಹಾಕುವಂತಿಲ್ಲ. ಏಪ್ರಿಲ್ ಮಧ್ಯಾಹ್ನ ಬಿಸಿಲು ಬಿದ್ದ ಕಲ್ಲಿನ ಮೇಲೆ ಬರಿಗಾಲು ಇಟ್ಟು ನೋಡಿದ್ದಾನಾ ಆ ಹುಡುಗ? ಮೃಗಾಲಯದಲ್ಲಿ ಪ್ರಾಣಿಗಳೇ ನೆರಳು ಬಿಟ್ಟು ಬರುವುದಿಲ್ಲ. ಮಂಗಳವಾರ ಬಂದರೆ ಅದಕ್ಕೆ ರಜೆ ಬೇರೆ.

ಬೇಡ ಅನ್ನುವುದಕ್ಕೆ ಸುಲಭದ ದಾರಿ, ಅವರನ್ನೇ ಕೇಳಿ. "ಮೇಡಂ, ಏನಾದರೂ ನೋಡಬೇಕು ಅಂತ ಇದೆಯಾ ಅಥವಾ ವಿಶ್ರಾಂತಿಯಾ?" ಎಂದು ಒಂದು ಮೆಸೇಜ್ ಹಾಕಿ, ಅವರ ಉತ್ತರವನ್ನೇ ಅಧ್ಯಕ್ಷರಿಗೆ ಫಾರ್ವರ್ಡ್ ಮಾಡಿ. ನೋಡಬೇಕು ಅಂದರೆ ಕಚೇರಿಯ ಮಾರನೇ ದಿನ ಬೆಳಗ್ಗೆ ಏಳಕ್ಕೆ ದೇವರಾಜ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ, ಹೂವಿನ ಸಾಲು ಆ ಹೊತ್ತಿಗೆ ಚೆನ್ನಾಗಿರುತ್ತದೆ, ಜನ ಕಡಿಮೆ. ಆಮೇಲೆ ನಜರ್‌ಬಾದಿನಲ್ಲಿ ಮೈಲಾರಿ ದೋಸೆ. ಬಿಸಿಲು ಏರುವ ಮೊದಲು ಮನೆ.

ಒಂದು ಮಾತ್ರ ಸೇರಿಸುತ್ತೇನೆ. ಬರುತ್ತಿರುವವರು ವೀಣೆಯವರು. ಇದು ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ವೀಣೆ ಶೇಷಣ್ಣನವರ ಊರು. ಕುವೆಂಪುನಗರದಲ್ಲಿ ಗಾನಭಾರತಿ ಸಂಗೀತ ಸಂಸ್ಥೆಯ ಸಭಾಂಗಣಕ್ಕೆ ವೀಣೆ ಶೇಷಣ್ಣ ಭವನ ಅಂತಲೇ ಹೆಸರು. ಗಾಯಕ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರವೂ ಇಲ್ಲೇ ಇದೆ, ಪಿಟೀಲು ಚೌಡಯ್ಯನವರ ಗುರುಗಳು ಅವರು. ರಾಮನವಮಿಗೆ ಬಂದ ಕಲಾವಿದರಿಗೆ ಮೃಗಾಲಯಕ್ಕಿಂತ ಆ ಮಂದಿರದಲ್ಲಿ ಹತ್ತು ನಿಮಿಷ ಕೂರುವುದು ಇಷ್ಟವಾದೀತು. ಹಾಗಂತ ಅದನ್ನೂ ಬಲವಂತ ಮಾಡಬೇಡಿ.

ಇದನ್ನು ನುಡಿಸಿ, ಅದನ್ನು ನುಡಿಸಿ ಎನ್ನುವ ಫರ್ಮಾಯಿಷಿ ಪಟ್ಟಿಯೂ ಬೇಡ. ಜಯಚಾಮರಾಜ ಒಡೆಯರ್ ಅವರ 94 ಕೃತಿಗಳಿವೆ, ವಾಸುದೇವಾಚಾರ್ಯರದ್ದೂ ಬೇಕಾದಷ್ಟಿವೆ, ಮೈಸೂರಿಗೆ ಬರುವ ಯಾವ ವೈಣಿಕರೂ ಇವರಲ್ಲಿ ಒಬ್ಬರದನ್ನು ತಾವಾಗಿಯೇ ಇಟ್ಟುಕೊಂಡಿರುತ್ತಾರೆ. ಅಷ್ಟು ನಂಬಿಕೆ ಇರಲಿ.

ಊಟ: ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ. ಮುಗೀತು. ಒಬ್ಬಟ್ಟು, ಬಿಸಿಬೇಳೆಬಾತ್, ಬಜ್ಜಿ ಎಲ್ಲಾ ಕಚೇರಿ ಆದಮೇಲೆ. ನಾಲ್ಕು ಗಂಟೆಗೆ ಒಂದು ಲೋಟ ಕಾಫಿ. ಬಾಗಿಲು ತಟ್ಟಿ ತಟ್ಟಿ "ಏನಾದರೂ ಬೇಕಾ" ಎಂದು ಕೇಳುವ ಅಕ್ಕಪಕ್ಕದವರನ್ನು ತಡೆಯುವುದೇ ನಿಮ್ಮ ದೊಡ್ಡ ಕೆಲಸ.

ಬಿದಿರು:

ನಾನು ಕೊಳಲು ಕಲಿಯುವವಳು, ವೀಣೆ ಬಗ್ಗೆ ಗೊತ್ತಿಲ್ಲ, ಆದರೆ ಒಂದು ವಿಷಯ ನಿಮಗೂ ಉಪಯೋಗ ಆಗಬಹುದು. ನಿಮ್ಮ ಕಾರ್ಯಕ್ರಮದಲ್ಲಿ ಮುಂದೆ ಕೊಳಲು ಇಟ್ಟುಕೊಂಡರೆ ಇದು ಬೇಕೇ ಬೇಕಾಗುತ್ತದೆ. ಬಿಸಿ ಹೆಚ್ಚಿದರೆ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್. ಅದಕ್ಕೇ ಕೊಳಲು ಬಿಸಿಗೆ ಮೇಲೆ ಹೋಗುತ್ತದೆ. ಲೋಹದ ತಂತಿ ಕಾದರೆ ಸಡಿಲವಾಗಿ ಕೆಳಗೆ ಬರುತ್ತದೆ. ಅಂದರೆ ಒಂದೇ ವೇದಿಕೆಯಲ್ಲಿ ಕೊಳಲು ಒಂದು ಕಡೆ, ಪಿಟೀಲು ಇನ್ನೊಂದು ಕಡೆ ಎಳೆಯುತ್ತವೆ. 24 ಡಿಗ್ರಿ ಎಸಿಯಿಂದ 34 ಡಿಗ್ರಿಯ ಪೆಂಡಾಲಿಗೆ ಬಂದರೆ ಲೆಕ್ಕದ ಪ್ರಕಾರ ಅರ್ಧ ಮನೆಯ (ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ ಇರುವ ಅಂತರದ) ಸುಮಾರು ಮೂರನೇ ಒಂದು ಪಾಲಿನಷ್ಟು ವ್ಯತ್ಯಾಸ. ಶ್ರುತಿಪೆಟ್ಟಿಗೆ ಎಲೆಕ್ಟ್ರಾನಿಕ್, ಅದು ಅಲ್ಲೇ ನಿಂತಿರುತ್ತದೆ.

ಆದ್ದರಿಂದ ಎಸಿ ರೂಮಿನಲ್ಲಿ ಶ್ರುತಿ ಮಾಡಿಕೊಂಡು ಬನ್ನಿ ಎಂದು ಯಾರನ್ನೂ ಅವಸರ ಮಾಡಬೇಡಿ. ವಾದ್ಯಗಳನ್ನು ಒಂದು ಗಂಟೆ ಮೊದಲೇ ವೇದಿಕೆಯ ಹಿಂದೆ ನೆರಳಿನಲ್ಲಿ ತಂದಿಡಲು ಜಾಗ ಮಾಡಿ, ಕಾವಲಿಗೆ ಒಬ್ಬರಿರಲಿ. ಅಲ್ಲಿಯ ಹವೆಗೆ ಅವು ಹೊಂದಿಕೊಂಡ ಮೇಲೆ ಶ್ರುತಿ ಮಾಡಿದರೆ ನಿಲ್ಲುತ್ತದೆ.

ಎಡಬಲ:

ಬಿದಿರು ಅವರು ಹೇಳಿದ್ದು ಸರಿ. ನಮಗೂ ಹಾಗೇ, ಒಂದು ಗಂಟೆ ಬೇಕು. ಪದ್ದು ಅವರೇ, ಇನ್ನೊಂದು. ಏಪ್ರಿಲಿನಲ್ಲಿ ಸಂಜೆ ಗುಡುಗಿ ಮಾವಿನ ಮಳೆ ಬರುವುದುಂಟು. ಮಳೆ ಪೆಂಡಾಲಿನೊಳಗೆ ಬರದಿದ್ದರೂ ಗಾಳಿಯ ತೇವ ಬರುತ್ತದೆ, ಮಧ್ಯಾಹ್ನ ಬಿಗಿದಿದ್ದ ಚರ್ಮ ಕಾಲು ಗಂಟೆಯಲ್ಲಿ ಸಡಿಲ. ಆಗ ನಾವು ಮಧ್ಯದಲ್ಲಿ ನಿಲ್ಲಿಸಿ ತಟ್ಟಿ ಸರಿಮಾಡಿಕೊಳ್ಳುತ್ತೇವೆ. ನಿರೂಪಕರು ಆ ಎರಡು ನಿಮಿಷಕ್ಕೆ ಮೈಕ್ ತೆಗೆದುಕೊಂಡು ದಾನಿಗಳ ಹೆಸರು ಓದಬಾರದು. ಶ್ರುತಿ ಕೇಳಬೇಕು ಸ್ವಾಮಿ ನಮಗೆ.

ಪೆಂಡಾಲ್ ಪದ್ದು:

ಹಹ್ಹ, ನಮ್ಮ ನಿರೂಪಕರು ಅದನ್ನೇ ಮಾಡುವವರು, ಇವತ್ತೇ ಹೇಳಿಬಿಡುತ್ತೇನೆ.

ಮೆಸೇಜ್ ಹಾಕಿ ಕೇಳಿದೆ. "ಸುತ್ತಾಟ ಏನೂ ಬೇಡ, ಮಧ್ಯಾಹ್ನ ಎರಡು ಗಂಟೆ ನಿದ್ದೆ, ಒಂದು ಖಾಲಿ ರೂಮ್, ನೆಲದ ಮೇಲೆ ಚಾಪೆ" ಎಂದು ಉತ್ತರ ಬಂದಿದೆ. ಫಾರ್ವರ್ಡ್ ಮಾಡಿದೆ, ಪಟ್ಟಿ ರದ್ದಾಯಿತು. ಮಾರ್ಕೆಟ್ ಮಾರನೇ ದಿನ ಅಂದುಕೊಂಡಿದ್ದೆ, ಆದರೆ ಸಕ್ಕರೆ ಸೀಮೆಯವರು ಹೇಳಿದ ಹಾಗೆ ಆರಕ್ಕೇ ಹೊರಡಿಸಿದರೆ ಅದಕ್ಕೆ ಹೊತ್ತಿಲ್ಲ. ಬೆಂಗಳೂರಿನಲ್ಲಿ ಕಚೇರಿ ಅದರ ಮಾರನೇ ದಿನವಂತೆ, ಸಂಜೆ ಐದರ ಮೇಲೆ ಹೊರಡಿಸಿದರೆ ಆಗುತ್ತದೆಯಾ?

ಸೌಂಡಿನವರು ಎಲ್‌ಇಡಿಗೆ ಒಪ್ಪಿದ್ದಾರೆ. ತಗಡಿನ ಜಗಳ ಇನ್ನೂ ನಡೆಯುತ್ತಿದೆ.

ಸಕ್ಕರೆ ಸೀಮೆ:

ಆಗುತ್ತದೆ. ಆದರೆ ಭಾನುವಾರವಾದರೆ ಐದಕ್ಕೆ ಬೇಡ. ವಾರದ ಕೊನೆಗೆ ಬಂದ ಬೆಂಗಳೂರಿನವರೆಲ್ಲ ಆ ಹೊತ್ತಿಗೇ ವಾಪಸ್ ಹೊರಡುತ್ತಾರೆ, ಊರು ದಾಟುವುದರೊಳಗೆ ಸಾಕಾಗುತ್ತದೆ. ಏಳಕ್ಕೆ ಅರಮನೆಗೆ ದೀಪ ಹಾಕುವಾಗ ಆ ಸುತ್ತಲಿನ ರಸ್ತೆಗಳೂ ತುಂಬುತ್ತವೆ, ರಿಂಗ್ ರೋಡ್ ಹಿಡಿಸಿ. ಬೇರೆ ದಿನವಾದರೆ ಯೋಚನೆ ಇಲ್ಲ. ಕಾರನ್ನು ಹೊರಡುವ ಮೊದಲು ನೆರಳಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಾಗಿಲು ತೆಗೆದಿಟ್ಟು, ಎಸಿ ಹಾಕಿ, ಸೀಟು ಮುಟ್ಟಿ ನೋಡಿ, ಆಮೇಲೆ ವೀಣೆ ಮಲಗಿಸಿ.